ಬ್ರೇಕ್ ಕೆಟ್ಟ ವಿಮಾನಕ್ಕೆ ಭಾರವಾದ ಮದುಮಗಳು

ತೈಪೆಯ ಊರೊಳಗಿನ ವಿಮಾನ ನಿಲ್ದಾಣದಲ್ಲಿ ಶಿಯೂಯಿನ್‌ಗೆ ಹೆದರದವರಿರಲಿಲ್ಲ. ವಿಮಾನಕ್ಕೆ ಎಷ್ಟು ಭಾರ ಹೇರಬಹುದೆಂದು ಲೆಕ್ಕ ಹಾಕುವ ಕೆಲಸ ಅವಳದು. ಅವಳ ಬಾಯಿಂದ 'ಆಗಲ್ಲ' ಎಂದು ಬಂತೆಂದರೆ ಮುಗಿಯಿತು, ಮಂತ್ರಿಯ ಪೆಟ್ಟಿಗೆಯೂ ನೆಲದ ಮೇಲೆಯೇ. ಹೀಗೆ ಬಂದ ಗಂಡುಗಳಿಗೂ 'ಆಗಲ್ಲ' ಎನ್ನುತ್ತಲೇ ಐವತ್ತು ದಾಟಿದವಳು, ನಾನ್‌ಗಾನ್ ದ್ವೀಪದಲ್ಲಿ ಮೀನಿನ ಶಾವಿಗೆ ಮಾಡುವ ಬಾವ್‌ಶಿಂಗ್‌ಗೆ ಮಾತ್ರ ಹೂಂ ಅಂದುಬಿಟ್ಟಳು. ಇಡೀ ನಿಲ್ದಾಣ ಬೆಕ್ಕಸಬೆರಗಾಯಿತು.

ಮದುವೆಯ ಬೆಳಗ್ಗೆ ಕೆಂಪು ಉಡುಪು ತೊಟ್ಟು, ನೆಂಟರ ದಂಡು ಕಟ್ಟಿಕೊಂಡು, ದ್ವೀಪದವರಿಗೆ ಹಂಚಲು ಮದುವೆ ಕೇಕಿನ ಡಬ್ಬಗಳ ಗುಡ್ಡೆಯೊಂದಿಗೆ ಬಂದರೆ, ಮೆಕ್ಯಾನಿಕ್ ಫಾಂಗ್ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

"ಅಕ್ಕಾ, ಒಂದು ಚಕ್ರದ ಬ್ರೇಕು ಕೈಕೊಟ್ಟಿದೆ. ಅದನ್ನ ಬಂದ್ ಮಾಡಿದೀನಿ. ಹಾರಬಹುದು, ಆದ್ರೆ..."

"ಆದ್ರೆ ಭಾರ ಇಳಿಸ್ಬೇಕು. ನಂಗೇ ಹೇಳ್ಕೊಡ್ತೀಯೇನೋ?"

ಉಳಿದ ಬ್ರೇಕುಗಳೇ ವಿಮಾನವನ್ನು ನಿಲ್ಲಿಸಬೇಕು. ನಾನ್‌ಗಾನಿನ ರನ್‌ವೇಯೋ ಗಿಡ್ಡ. ಮಧ್ಯಾಹ್ನಕ್ಕೆ ಅಲ್ಲಿ ಮಂಜು ಮುಸುಕುತ್ತದೆಂಬ ಸುದ್ದಿ ಬೇರೆ. ಈ ವಿಮಾನ ತಪ್ಪಿದರೆ ಮುಹೂರ್ತವೂ ತಪ್ಪಿದಂತೆ. "ಕೇಕು ಬರಲ್ಲ" ಎಂದು ನೆಂಟರಿಗೆ ಹೇಳಿ, ಮದುವೆ ಉಡುಪಿನಲ್ಲೇ ಲೆಕ್ಕಕ್ಕೆ ಕೂತಳು.

ತಲೆಯೆತ್ತಿ ನೋಡಿದರೆ, ದೊಡ್ಡ ಸೋದರತ್ತೆಯ ಮುಂದಾಳತ್ವದಲ್ಲಿ ನೆಂಟರೆಲ್ಲ ಡಬ್ಬ ಬಿಚ್ಚಿ ಗಬಗಬ ಮುಕ್ಕುತ್ತಿದ್ದಾರೆ!

"ಭಾರ ಇಳಿಸ್ತಿದೀವಿ ಕಣೇ," ಎಂದಳು ಅತ್ತೆ, ತುಂಬಿದ ಬಾಯಲ್ಲಿ. "ನೀನು ಮಾತ್ರ ಮುಟ್ಬೇಡ. ಮದುಮಗಳು ತನ್ನ ಮದುವೆ ಕೇಕು ತಿಂದ್ರೆ ತನ್ನ ಅದೃಷ್ಟಾನೇ ತಿಂದ್ಹಾಗೆ."

"ಅತ್ತೇ! ಡಬ್ಬದಲ್ಲಿದ್ದದ್ದು ಹೊಟ್ಟೆಗೆ ಹೋಯ್ತು. ಆ ಹೊಟ್ಟೇನೂ ವಿಮಾನಕ್ಕೇ ಹತ್ತತ್ತಲ್ಲ!"

ಅತ್ತೆಗೆ ನುಂಗುವುದೋ ಉಗುಳುವುದೋ ತಿಳಿಯಲಿಲ್ಲ. ಅಷ್ಟರಲ್ಲಾಗಲೇ ಅತ್ತೆ ಉಳಿದ ಡಬ್ಬಗಳನ್ನು ಕಸ ಗುಡಿಸುವವರಿಗೆ, ಪೊಲೀಸರಿಗೆ, ರಜೆ ಮುಗಿಸಿ ಅದೇ ವಿಮಾನದಲ್ಲಿ ದ್ವೀಪಕ್ಕೆ ಮರಳುತ್ತಿದ್ದ ಸೈನಿಕರಿಗೆ, ಎಲ್ಲರಿಗೂ ಹಂಚಿಯಾಗಿತ್ತು.

ಡಬ್ಬಗಳೆಲ್ಲ ಖಾಲಿಯಾದರೂ ಇನ್ನೂ ಒಬ್ಬರ ಭಾರ ಹೆಚ್ಚು. ಸಿಬ್ಬಂದಿಯ ಬಿಟ್ಟಿ ಟಿಕೆಟಿನವರನ್ನು ಮೊದಲು ಇಳಿಸಬೇಕೆಂಬುದು ನಿಯಮ. ಎಷ್ಟೋ ಸಹೋದ್ಯೋಗಿಗಳನ್ನು ಅವಳೇ ಹಾಗೆ ಇಳಿಸಿದ್ದಳು. ಇಂದು ಆ ಟಿಕೆಟಿನಲ್ಲಿ ಹೊರಟವಳು ಅವಳೊಬ್ಬಳೇ.

"ಆಗಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಪಟ್ಟಿಯಲ್ಲಿ ತನ್ನ ಹೆಸರಿನ ಮೇಲೆಯೇ ಗೀಟೆಳೆದಳು.

ಒಬ್ಬ ಸೈನಿಕ ಬಾಯಿ ಒರೆಸಿಕೊಳ್ಳುತ್ತ ಮುಂದೆ ಬಂದ. "ಅಕ್ಕಾ, ಕೇಕು ತಿಂದು ಮದುಮಗಳನ್ನೇ ಬಿಟ್ಟುಹೋಗೋಕಾಗತ್ತಾ? ನಾನು ಉಳ್ಕೋತೀನಿ. ಬ್ರೇಕು ಕೆಟ್ಟಿತ್ತು ಅಂತ ನಮ್ಮ ಸಾಹೇಬ್ರಿಗೆ ಒಂದು ಚೀಟಿ ಬರ್ಕೊಡಿ, ಸಾಕು."

ಚೀಟಿ ಎಂದದ್ದೇ ತಡ, ಉಳಿದ ಸೈನಿಕರಲ್ಲೂ ಪರೋಪಕಾರ ಉಕ್ಕಿ ಬಂತು. "ನಾನೂ ಉಳ್ಕೋತೀನಿ!" "ನಂಗೂ ಒಂದು ಚೀಟಿ!" ಎಷ್ಟು ಜನ ಉಳಿದರೆಂದರೆ, ಈಗ ವಿಮಾನದಲ್ಲಿ ಕೇಕಿಗೂ ಜಾಗವಿತ್ತು, ಕೇಕೇ ಇರಲಿಲ್ಲ.

ವಿಮಾನ ಮೇಲೇರಿತು. ಕಿಟಕಿಗೆ ಮೂಗು ಒತ್ತಿದ್ದ ಅತ್ತೆ ಕಿರುಚಿದಳು: "ಅಯ್ಯೋ, ಚಕ್ರ ಒಳಗೆಳ್ಕೊಳ್ಳೋದು ಮರ್ತೇಬಿಟ್ಟಿದಾರೆ!"

"ಮರ್ತಿಲ್ಲ ಅತ್ತೆ. ಬ್ರೇಕಿಲ್ಲದ ಚಕ್ರ ತಿರುಗ್ತಾನೇ ಇರತ್ತೆ. ತಾನಾಗಿ ನಿಲ್ಲೋವರೆಗೂ ಕಾಯ್ಬೇಕು ಅಂತ ನಿಯಮ. ಅವಸರ ಮಾಡ್ಬಾರ್ದು."

"ಇನ್ನೂ ಎಷ್ಟೇ ಕಾಯೋದು? ಐವತ್ತು ದಾಟ್ತಲ್ಲೇ ನಿಂಗೆ!"

ವಿಮಾನವೆಲ್ಲ ಗೊಳ್ಳೆಂದಿತು. ಶಿಯೂಯಿನ್ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಕಾಲಡಿಯಲ್ಲಿ ಧಡ್ ಎಂದು ಚಕ್ರಗಳು ಒಳಸೇರಿದವು. ದ್ವೀಪದಲ್ಲಿ ಕೇಕಿಗಾಗಿ ಕಾಯುವವರು ಬೇಕಾದಷ್ಟು ಜನ. ಅವಳಿಗಾಗಿ ಕಾಯುವವನು ಒಬ್ಬನಿದ್ದ.