ತೊಟ್ಟಿಕ್ಕುವುದು ನಿಂತ ನಲ್ಲಿ

ನಮ್ಮ ದೊಡ್ಡಮ್ಮನಿಗೆ ಚರ್ಚಿನ ಸಭೆಯವರು ಇಟ್ಟ ಹೆಸರು ಬಾಗಿಲಮ್ಮ. ವಾರವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವ ಹೆಂಗಸು ಭಾನುವಾರ ಬಂತೆಂದರೆ ಚರ್ಚಿನ ಬಾಗಿಲಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದಳು. ಬಂದವರ ಕೈ ಕುಲುಕಿ ಒಳಗೆ ಕಳಿಸುವುದು, ಹೊರಟವರ ಕೈ ಕುಲುಕಿ ಮನೆಗೆ ಕಳಿಸುವುದು, ಇಷ್ಟೇ ಕೆಲಸ. ಯಾರೂ ನೇಮಿಸಿದ್ದಲ್ಲ, ತಾನಾಗಿಯೇ ನಿಂತಳು, ಆಮೇಲೆ ಅವಳನ್ನು ಅಲ್ಲಿಂದ ಕದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಂಗೈ ಹಿಡಿದರೆ ಸಾಕು, "ಮೈ ಬಿಸಿ ಇದೆ, ಮನೆಗೆ ಹೋಗಿ ಮಲಗು" ಎನ್ನುವಳು. ಇನ್ನೊಬ್ಬಳ ಕಿವಿಯಲ್ಲಿ, "ಗಂಡನ ಜೊತೆ ಮಾತು ಬಿಟ್ಟಿದ್ದೀಯಾ?" ಎನ್ನುವಳು. ಅರ್ಧ ಊಹೆ, ಅರ್ಧ ಹಿಂದಿನ ದಿನ ಅಂಗಡಿಯಲ್ಲಿ ಕೇಳಿದ ಸುದ್ದಿ. ಅವಳ ಪಕ್ಕದ ಯಂತ್ರದಲ್ಲಿ ಗುಂಡಿಯ ಕಾಜಾ ಹೊಲಿಯುವ ನನಗೆ ಗೊತ್ತಿಲ್ಲವೇ?

ಅವಳ ಬಾಗಿಲಲ್ಲಿ ಒಂದು ಕಾನೂನಿತ್ತು. ಹೊರಡುವವರು "ಹೋಗ್ತೀನಿ" ಅನ್ನುವಂತಿಲ್ಲ. "ಬರ್ತೀನಿ" ಅನ್ನಬೇಕು. ಎಲ್ಲರ ಮನೆಯಲ್ಲೂ ಹಿರಿಯರು ಹೇಳುವ ಮಾತೇ ಅದು, ಆದರೆ ದೊಡ್ಡಮ್ಮ ಅದನ್ನು ಬೈಬಲಿನ ಹತ್ತು ಆಜ್ಞೆಗಳ ಪಕ್ಕಕ್ಕೆ ಹನ್ನೊಂದನೆಯದಾಗಿ ಸೇರಿಸಿಬಿಟ್ಟಿದ್ದಳು. ಬಾಯಿ ತಪ್ಪಿ ಯಾರಾದರೂ "ಹೋಗ್ತೀನಿ" ಅಂದರೆ ಕೈ ಬಿಡುತ್ತಿರಲಿಲ್ಲ. "ಏನಂದೆ? ಸರಿಯಾಗಿ ಹೇಳು" ಎಂದು ಹಿಡಿದು ನಿಲ್ಲಿಸುವಳು. ಒಮ್ಮೆ ಪಾಸ್ಟರ್ ನಗುತ್ತಾ, "ಏನಮ್ಮಾ, ವಿಶ್ವಾಸಿಗಳಿಗೂ ಶಕುನವಾ?" ಎಂದು ಕೆಣಕಿದರು. "ಶಕುನ ಅಲ್ಲ ಪಾಸ್ಟರೇ, ಲೆಕ್ಕ. ಬರ್ತೀನಿ ಅಂದವರು ಬರಲಿಲ್ಲ ಅಂದ್ರೆ ಹೋಗಿ ಕೇಳ್ಬಹುದು. ಹೋಗ್ತೀನಿ ಅಂದವರನ್ನ ಏನಂತ ಕೇಳೋದು?" ಎಂದಳು. ಗಂಟೆಗಟ್ಟಲೆ ಪ್ರಸಂಗ ಮಾಡುವ ಪಾಸ್ಟರ್ ಅಂದು "ಬರ್ತೀನಮ್ಮಾ" ಎಂದಷ್ಟೇ ಹೇಳಿ ಹೊರಟರು.

ಆ ಸಭೆಯಲ್ಲಿ ಕೊಳಾಯಿ ಕೆಲಸದವರೊಬ್ಬರಿದ್ದರು. ನಲ್ಲಿ ಮಾವ ಎಂದೇ ಎಲ್ಲರೂ ಕರೆಯುವುದು. ಊರಿನವರ ನಲ್ಲಿಗಳನ್ನೆಲ್ಲ ಸರಿ ಮಾಡುವ ಮನುಷ್ಯ, ಚರ್ಚಿನ ಹಿಂದಿನ ಕೈತೊಳೆಯುವ ನಲ್ಲಿಯನ್ನು ಮಾತ್ರ ತೊಟ್ಟಿಕ್ಕಲು ಬಿಟ್ಟಿದ್ದರು. ಕೇಳಿದರೆ, "ಮುಂದಿನ ವಾರ ನೋಡೋಣ" ಎನ್ನುವರು. ಬಹಳ ಒತ್ತಾಯ ಮಾಡಿದರೆ ನಕ್ಕು, "ಅದನ್ನೂ ಸರಿ ಮಾಡಿಬಿಟ್ರೆ ಆಮೇಲೆ ನನ್ನನ್ನ ಯಾರು ಕರೀತೀರಿ?" ಎನ್ನುವರು. ಪ್ರಾರ್ಥನೆಯ ಮೌನದಲ್ಲಿ ಆ ತೊಟ್ಟಿನ ಸದ್ದು ಕಿಟಕಿಯಿಂದ ಕೇಳಿಸುತ್ತಿತ್ತು. ಮಕ್ಕಳು ಅದಕ್ಕೆ ತಾಳ ಹಾಕಿ ಬೈಸಿಕೊಳ್ಳುತ್ತಿದ್ದರು.

ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡರು. ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಗಂಡನ ಎಡಕ್ಕೆ ಕೂತು, ರಾಗದ ಹಂಗಿಲ್ಲದೆ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ ಅತ್ತೆ. ಮಣ್ಣಾದ ಮುಂದಿನ ಭಾನುವಾರವೇ ದೊಡ್ಡಮ್ಮ ಬಾಗಿಲಲ್ಲಿ ಒಬ್ಬೊಬ್ಬರ ಕೈ ಹಿಡಿದು, "ಆ ಬೆಂಚಿನಲ್ಲಿ ಯಾರೂ ಕೂರಬೇಡಿ. ಅವರ ಜಾಗ ಹಾಗೇ ಇರಲಿ" ಎಂದು ಪಿಸುಗುಟ್ಟಿ ಒಳಗೆ ಕಳಿಸಿದಳು. ಎಲ್ಲರೂ ಪಾಲಿಸಿದರು. ಜನ ಕಿಕ್ಕಿರಿದ ದಿನ ಗೋಡೆಗೆ ಒರಗಿ ನಿಂತರೇ ಹೊರತು ಆ ಜಾಗ ಮುಟ್ಟಲಿಲ್ಲ. ನಮ್ಮ ಸಭೆಯವರಿಗೆ ಎಂಥ ಮನಸ್ಸು ಎಂದು ನಾವೇ ಹೆಮ್ಮೆಪಟ್ಟುಕೊಂಡಿದ್ದೆವು.

ಅತ್ತೆ ಹೋಗಿ ವರ್ಷವಾಗುತ್ತ ಬಂದಿದ್ದಾಗ, ಒಂದು ಭಾನುವಾರ ಕೂಸೊಂದರ ದೀಕ್ಷಾಸ್ನಾನವಿತ್ತು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನೂಕುನುಗ್ಗಲು. ಕೂಸಿನ ಅಜ್ಜಿ ಅದನ್ನು ದೊಡ್ಡಮ್ಮನ ತೋಳಿಗೆ ಹಾಕಿದ್ದಳು. ಕೂಸು ಅಳುತ್ತಿತ್ತು, ಟೋಪಿ ಜಾರುತ್ತಿತ್ತು. ಆಗ ನಲ್ಲಿ ಮಾವ ಹಿತ್ತಿಲ ಕಡೆಯಿಂದ ಸಾಮಾನಿನ ಚೀಲ ಹಿಡಿದು ಬಂದರು, ಕೈ ಚಾಚಿದರು, ಏನೋ ಅಂದರು. ದೊಡ್ಡಮ್ಮ ಕೂಸಿನ ಟೋಪಿ ನೋಡುತ್ತಲೇ ಅವರ ಕೈ ಮುಟ್ಟಿ "ಹೂಂ ಅಣ್ಣ" ಅಂದಳು.

ಮನೆಗೆ ಬಂದು ಊಟಕ್ಕೆ ಕೂತೆವು. ಎರಡು ತುತ್ತು ತಿಂದವಳು ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿದಳು.

"ಏನೇ, ನಲ್ಲಿಯಣ್ಣ ಹೊರಡುವಾಗ ಏನಂದ್ರು?"

"ನನಗೇನು ಗೊತ್ತು? ನಿನ್ನ ಬಾಗಿಲು, ನಿನ್ನ ಕಾನೂನು."

"'ಹೋಗ್ತೀನಿ ತಾಯಿ' ಅಂದ್ರು ಕಣೇ." ಅವಳು ತಟ್ಟೆ ದೂರ ತಳ್ಳಿದಳು. "ಕೈ ಒದ್ದೆ ಇತ್ತು. ಹೋಗ್ತೀನಿ ಅಂದ್ರು. ನಾನು ಹೂಂ ಅಂದೆ."

"ಬಾಯಿ ತಪ್ಪಿ ಅಂದಿರ್ತಾರೆ, ಊಟ ಮಾಡು" ಎಂದೆ. ಫೋನ್ ಮಾಡಿದಳು, ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದಳು. ಕೈ ತೊಳೆದು ಚಪ್ಪಲಿ ಮೆಟ್ಟಿದಳು. ನನಗೆ ಸಿಟ್ಟು ಬಂತು. ಇವಳಿಗೆ ಹಗ್ಗ ಕಂಡರೂ ಹಾವು, ದಾರ ಕಂಡರೂ ಹಾವು. ಬಯ್ಯುತ್ತಲೇ ಹಿಂದೆ ಹೋದೆ.

ಅವಳು ಅವರ ಮನೆಗೆ ಹೋಗುತ್ತಾಳೆ ಅಂದುಕೊಂಡರೆ ಮೊದಲು ಚರ್ಚಿನ ಹಿತ್ತಿಲಿಗೆ ಹೋದಳು. ನಲ್ಲಿಯ ಮುಂದೆ ನಿಂತಳು. ನಾನೂ ನಿಂತೆ. ತೊಟ್ಟಿಲ್ಲ, ಸದ್ದಿಲ್ಲ. ಕೆಳಗಿನ ಕಲ್ಲು ಆಗಲೇ ಒಣಗುತ್ತಿತ್ತು. ಇಷ್ಟು ದಿನ ಆ ಸದ್ದಿಗೆ ಬೈದವಳು ನಾನು, ಈಗ ಅದು ಕೇಳಿಸೀತೇ ಎಂದು ಬಗ್ಗಿ ಕಿವಿಗೊಟ್ಟೆ.

"ಸರಿ ಮಾಡಿಬಿಟ್ಟಿದ್ದಾರೆ" ಎಂದಳು ದೊಡ್ಡಮ್ಮ. "ಇನ್ನು ಯಾರೂ ಕರೆಯೋದು ಬೇಡ ಅಂತ."

ಅಲ್ಲಿಂದ ಅವರ ಮನೆಗೆ ಓಡಿದಂತೆಯೇ ನಡೆದೆವು. ಮೇಲಿನ ಮಹಡಿಯ ಬಾಗಿಲಿಗೆ ಬೀಗ. ಕೆಳಗಿನ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದಳು. "ಬೆಳಿಗ್ಗೆ ಚರ್ಚಿಗೆ ಹೋಗುವಾಗಲೇ ಬೀಗದ ಕೈ ಕೊಟ್ರಲ್ಲ" ಎಂದಳು. "ಆಯಮ್ಮನ ಹೂವಿನ ಕುಂಡಾನೂ ಕೊಟ್ರು. ನೀರು ಹಾಕಿ ಅಂದ್ರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಕೈಯಲ್ಲಿ ಅದೇ ಸಾಮಾನಿನ ಚೀಲ ಇತ್ತು, ಬೇರೇನೂ ನೋಡಿದ ನೆನಪಿಲ್ಲ."

ಬಟ್ಟೆಬರೆ ಇಲ್ಲದೆ, ಬೀಗದ ಕೈ ಕೊಟ್ಟು, ಹೆಂಡತಿಯ ಕುಂಡ ಕೊಟ್ಟು ಮನುಷ್ಯ ಎಲ್ಲಿಗೆ ಹೋಗುತ್ತಾನೆ? ನಮ್ಮಿಬ್ಬರ ಮನಸ್ಸಿಗೂ ಬಂದದ್ದು ಒಂದೇ. ಬೀದಿಯ ತುದಿಯಲ್ಲಿ ದಾರಿ ಒಡೆಯುತ್ತದೆ, ಎಡಕ್ಕೆ ಹೊಳೆಯ ಸೇತುವೆ, ಬಲಕ್ಕೆ ಬಸ್ ನಿಲ್ದಾಣ. ದೊಡ್ಡಮ್ಮ ಅಲ್ಲಿ ನಿಂತುಬಿಟ್ಟಳು. ಎಡಕ್ಕೆ ಒಂದು ಹೆಜ್ಜೆ ಇಟ್ಟು ಹಿಂದೆ ತೆಗೆದಳು. ನಾನು ಫೋನ್ ಮಾಡಿದ್ದಕ್ಕೆ ಪಾಸ್ಟರ್ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳದೆ ಸ್ಕೂಟರಿನಲ್ಲಿ ಬಂದರು. ವಿಷಯ ಕೇಳಿದವರು ಒಂದು ಮಾತೂ ಆಡದೆ ಸೇತುವೆಯ ಕಡೆ ಹೋದರು. ಅವರು ಅಷ್ಟು ಚುಟುಕಾಗಿ ಮುಗಿಸಿದ್ದನ್ನು ನಾನು ಕಂಡದ್ದು ಅಂದೊಂದೇ ಸಲ.

ನಾವು ಬಲಕ್ಕೆ ಹೋದೆವು. ದಾರಿಯುದ್ದಕ್ಕೂ ದೊಡ್ಡಮ್ಮ ಗೊಣಗುತ್ತಿದ್ದಳು. "ತಂದೆಯೇ, ಕೂಸಿನ ಟೋಪಿ ನೋಡ್ತಾ ಇದ್ದೆ. ಟೋಪಿ ನೋಡ್ತಾ ಮನುಷ್ಯನ ಕೈ ಬಿಟ್ಟೆ." ಅದು ಪ್ರಾರ್ಥನೆಯೋ ತನ್ನನ್ನೇ ಬೈದುಕೊಳ್ಳುವುದೋ ತಿಳಿಯಲಿಲ್ಲ. ನಿಲ್ದಾಣದಲ್ಲಿ ಒಂದೊಂದು ಬೆಂಚನ್ನೂ ನೋಡುತ್ತಾ ಹೋದೆವು. ನರೆತ ತಲೆ ಕಂಡಲ್ಲೆಲ್ಲ ಓಡುವಳು, ಬೇರೆ ಯಾರೋ ಆಗಿರುತ್ತಿದ್ದರು.

ಕೊನೆಯ ಬೆಂಚಿನಲ್ಲಿದ್ದರು ನಲ್ಲಿ ಮಾವ. ಕಾಲ ಬಳಿ ಸಾಮಾನಿನ ಚೀಲ, ಬೆಂಚಿನ ಕೆಳಗೆ ಒಂದು ಪೆಟ್ಟಿಗೆ. ಅದನ್ನು ಬೆಳಗಿನ ಜಾವವೇ ತಂದು ಲಗೇಜು ಕೋಣೆಯಲ್ಲಿ ಇಟ್ಟು, ಮನೆಗೆ ಮರಳಿ, ಆಮೇಲೆ ಚರ್ಚಿಗೆ ಬಂದಿದ್ದರಂತೆ. ಪೆಟ್ಟಿಗೆ ಕಂಡು ನನಗೆ ಅಳುವೇ ಬಂತು. ಪಾಸ್ಟರಿಗೆ ಫೋನ್ ಮಾಡಿ "ಸಿಕ್ಕರು" ಅಂದೆ. ಅಷ್ಟರಲ್ಲಿ ದೊಡ್ಡಮ್ಮ ಶುರುಮಾಡಿದ್ದಳು.

"ನನ್ನ ಜೀವ ತೆಗೆದ್ರಲ್ಲ ಅಣ್ಣ! ಯಾರಿಗೂ ಹೇಳದೆ ಹೊರಟಿದ್ದೀರಲ್ಲ!"

"ಹೇಳಿದ್ನಲ್ಲ ತಾಯಿ" ಎಂದರು ಅವರು ಮೆಲ್ಲಗೆ. "ಬಾಗಿಲಲ್ಲೇ ಹೇಳಿದೆ. ಎಲ್ಲರನ್ನೂ ಹಿಡಿದು ನಿಲ್ಲಿಸ್ತೀರಿ. ನನ್ನನ್ನೂ ನಿಲ್ಲಿಸ್ತೀರೇನೋ ಅಂತ ನೋಡಿದೆ. ನೀವು ಹೂಂ ಅಂದ್ರಿ."

ಅವರೇ ಮುಂದುವರಿಸಿದರು. "ತಂಗಿ ಬಹಳ ದಿನದಿಂದ ಕರೀತಿದ್ದಾಳೆ, ಅಲ್ಲೇ ಇದ್ಬಿಡ್ತೀನಿ. ಇಲ್ಲಿ ಯಾರಿಗೇನು? ನನ್ನವಳು ಹೋದ ದಿನದಿಂದ ನನ್ನ ಪಕ್ಕ ಒಬ್ಬರೂ ಕೂತಿಲ್ಲ. ಜನ ಗೋಡೆಗೆ ಒರಗಿ ನಿಲ್ತಾರೆ, ನನ್ನ ಬೆಂಚಿಗೆ ಬರಲ್ಲ. ಸಾವೇನು ಅಂಟುರೋಗವಾ ತಾಯಿ? ನನ್ನ ಬಟ್ಟೆ ನಾರುತ್ತೇನೋ ಅಂತ ಎರಡೆರಡು ಸಲ ಒಗೆದು ಹಾಕ್ಕೊಂಡು ಬಂದೆ."

ನನಗೆ ನೆಲ ಬಿರಿಯಬಾರದೇ ಎನಿಸಿತು. ದೊಡ್ಡಮ್ಮ ಅವರ ಎದುರಿಗೆ ನಿಂತೇ ಹೇಳಿದಳು. "ನಾನೇ ಅಣ್ಣ. ಯಾರೂ ಕೂರಬೇಡಿ ಅಂತ ನಾನೇ ಹೇಳಿದ್ದು. ಅತ್ತಿಗೆ ಜಾಗ ಅಂತ. ಗೌರವ ಅಂತ."

ಅವರು ತಲೆ ಎತ್ತಿ ಅವಳನ್ನು ನೋಡಿದರು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದರು. "ಮನೇಲೂ ಆ ಕಡೆ ಖಾಲಿ, ಅಲ್ಲೂ ಖಾಲಿ. ಎಷ್ಟು ಅಂತ ನೋಡಲಿ?"

ದೊಡ್ಡಮ್ಮ ಬೆಂಚಿನ ಮೇಲೆ, ಅವರ ಎಡಕ್ಕೆ, ಧೊಪ್ಪನೆ ಕೂತಳು. ಕೂತು ಅತ್ತಳು. ಬಾಗಿಲಮ್ಮ ಅತ್ತದ್ದನ್ನು ಊರು ನೋಡಿತು. ಅವರು ಜರುಗಲಿಲ್ಲ. ಬಸ್ಸು ಬಂತು. ತಂಗಿ ಕಾಯುತ್ತಿರುತ್ತಾಳೆ ಎಂದು ಪೆಟ್ಟಿಗೆ ಎತ್ತಿಕೊಂಡು ಹತ್ತಿದರು. ದೊಡ್ಡಮ್ಮ ತಡೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತಡೆಯುವುದು? ಬಸ್ಸು ಹೊರಡುವಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆ ನಲ್ಲಿಗೆ ಹಳೇ ವಾಷರನ್ನೇ ತಿರುಗಿಸಿ ಹಾಕಿದ್ದೀನಿ. ಬಹಳ ದಿನ ಬಾಳಲ್ಲ" ಎಂದರು. ಬರ್ತೀನಿ ಅನ್ನಲಿಲ್ಲ.

ಮುಂದಿನ ಭಾನುವಾರ ಮೂರನೇ ಬೆಂಚು ಪೂರ್ತಿ ಖಾಲಿ. ಅಭ್ಯಾಸಬಲ, ಜನ ಈಗ ನಲ್ಲಿ ಮಾವನ ಜಾಗವನ್ನೂ ಗೌರವದಿಂದ ಬಿಟ್ಟಿದ್ದರು. ದೊಡ್ಡಮ್ಮನಿಗೆ ರೇಗಿತು. ಮೊದಲ ಹಾಡಿನ ನಡುವೆಯೇ ಬಾಗಿಲು ಬಿಟ್ಟು ಬಂದು, ಕೂಸಿನ ಅಜ್ಜಿಯನ್ನೂ ಇಬ್ಬರು ಹುಡುಗಿಯರನ್ನೂ ರಟ್ಟೆ ಹಿಡಿದು ಎಬ್ಬಿಸಿ ಆ ಬೆಂಚಿನಲ್ಲಿ ಕೂರಿಸಿದಳು. "ಖಾಲಿ ಬಿಟ್ಟು ಪ್ರೀತಿ ತೋರಿಸಿದ್ದು ಸಾಕು" ಎಂದದ್ದು ಹಾಡಿನ ಮೇಲೂ ಕೇಳಿಸಿತು.

ಅದಾದ ಮೇಲೆ ದಿನವೂ ಸಂಜೆ ಅಂಗಡಿ ಮುಚ್ಚಿ ಚರ್ಚಿನ ಹಿತ್ತಿಲಿಗೆ ಹೋಗತೊಡಗಿದಳು. ಗಿಡಕ್ಕೆ ನೀರು ಹಾಕುವುದಕ್ಕಂತೆ. ಅಲ್ಲಿದ್ದುದು ಒಂದು ಬೇಲಿ, ಗಿಡವಿರಲಿಲ್ಲ. ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ನಲ್ಲಿಯನ್ನು ತೆರೆಯುತ್ತಾಳೆ, ಹಲ್ಲು ಕಚ್ಚಿ ಬಿಗಿಯಾಗಿ ತಿರುಗಿಸಿ ನಿಲ್ಲಿಸುತ್ತಾಳೆ, ಮತ್ತೆ ತೆರೆಯುತ್ತಾಳೆ. ಕತ್ತರಿ ಹಿಡಿದು ಗಟ್ಟಿಯಾದ ಆ ಬೆರಳಿಗೂ ಬೊಬ್ಬೆ ಬಂದಿತ್ತು. ಯಾವ ವಾಷರ್ ತಾನೇ ಅಷ್ಟು ತಡೆದೀತು? ಕೊನೆಗೆ ಒಂದು ಸಂಜೆ ಓಡಿಬಂದು ಫೋನ್ ಹಿಡಿದಳು.

"ಅಣ್ಣಾ, ತೊಟ್ಟಿಕ್ತಾ ಇದೆ."

ಆ ಕಡೆಯಿಂದ ಅವರು, "ಇಷ್ಟು ಬೇಗನಾ? ಅಲ್ಲೇ ಯಾರನ್ನಾದ್ರೂ ಕರೆಸಿ ತಾಯಿ" ಎಂದು ಇಟ್ಟುಬಿಟ್ಟರು.

ಆ ವಾರ ಅವಳು ಹೊಲಿದ ಬಟ್ಟೆಯನ್ನೆಲ್ಲ ನಾನು ಬಿಚ್ಚಿ ಮತ್ತೆ ಹೊಲಿದೆ. ತೋಳು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಭಾನುವಾರ ಬಾಗಿಲಲ್ಲಿ ಅವಳ ಕೈ ಹಿಡಿದು ನೋಡಿದೆ. ಎಲ್ಲರ ಕೈ ನೋಡುವವಳ ಕೈಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ತಣ್ಣಗೆ ಕೊರೆಯುತ್ತಿತ್ತು. ಮೊದಲ ಹಾಡು ಮುಗಿಯಿತು. ಎರಡನೆಯದೂ ಮುಗಿಯಿತು. ಅವಳು ಬೀದಿಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಪಾಸ್ಟರ್ ಪ್ರಸಂಗಕ್ಕೆ ಎದ್ದು ನಿಂತಾಗ ಸಾಮಾನಿನ ಚೀಲ ಹೆಗಲಿಗೇರಿಸಿ ನಲ್ಲಿ ಮಾವ ಮೆಟ್ಟಿಲು ಹತ್ತಿದರು. ಪೆಟ್ಟಿಗೆ ಇರಲಿಲ್ಲ. ನಾನು ಅದನ್ನೇ ಮೊದಲು ನೋಡಿದೆ, ದೊಡ್ಡಮ್ಮನೂ ಅದನ್ನೇ ನೋಡಿದಳು.

ಮೂರನೇ ಬೆಂಚಿನಲ್ಲಿ ಜಾಗವಿರಲಿಲ್ಲ. ಅಜ್ಜಿ ಜರುಗಿದಳು, ಹುಡುಗಿಯರು ಒತ್ತರಿಸಿದರು. ಅವರು ಅರ್ಧ ಕೂತು ಅರ್ಧ ನೇತಾಡಿಕೊಂಡು ಚೀಲವನ್ನು ಕಾಲ ಬಳಿ ಇಡುವಷ್ಟರಲ್ಲಿ ಅಜ್ಜಿ ಕೂಸನ್ನು ಅವರ ತೊಡೆಗೆ ದಾಟಿಸಿದಳು. ಪ್ರಸಂಗ ಮುಗಿಯುವವರೆಗೂ ಕೂಸು ಅವರ ಅಂಗಿಯ ಗುಂಡಿ ಎಳೆಯುತ್ತಿತ್ತು.

ಆರಾಧನೆ ಮುಗಿದ ಮೇಲೆ ಹಿತ್ತಿಲಿಗೆ ಹೋಗಿ ನಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಬಿಚ್ಚಿ ನೋಡಿ, "ಇದನ್ನ ಯಾರೋ ತಿರುಗಿಸಿ ತಿರುಗಿಸಿ ಸಾಯಿಸಿದ್ದಾರೆ" ಎಂದರು. ದೊಡ್ಡಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಚೀಲದ ಬಾಯಿ ತೆರೆದಿತ್ತು. ಒಂದು ಡಬ್ಬಿಯ ತುಂಬಾ ಹೊಸ ವಾಷರುಗಳು ನನ್ನ ಕಣ್ಣಿಗೇ ಕಾಣುತ್ತಿದ್ದವು. ಅವರು ಹಳೆಯದನ್ನೇ ಮತ್ತೆ ಕೂರಿಸಿ, ಚೀಲ ಮುಚ್ಚಿ ಎದ್ದರು.

"ಸರಿಯಾದ ಅಳತೆ ಇಲ್ಲ" ಎಂದರು. "ಮುಂದಿನ ವಾರ ನೋಡೋಣ."

ಬಾಗಿಲಲ್ಲಿ ದೊಡ್ಡಮ್ಮ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಕೆಮ್ಮಿದರು. ಅವಳು ಏನೂ ಕೇಳಲಿಲ್ಲ.

"ಬಿಡಿ ತಾಯಿ, ಬಸ್ಸು ತಪ್ಪುತ್ತೆ" ಎಂದರು ನಲ್ಲಿ ಮಾವ. "ಬರ್ತೀನಿ."

ಆದರೂ ಅವಳು ಇನ್ನೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.