ಒಂದು ಸೂಜಿ, ಮೂರು ಕಾಮಾಲೆ

ಹೋದ ತಿಂಗಳು ನನ್ನ ಹೆಂಡತಿಗೆ ಕಾಮಾಲೆ ಬಂತು. ಪಥ್ಯ ಮಾತ್ರ ನನ್ನ ಪಾಲಿಗೆ ಬಿತ್ತು.

ಸುಶೀಲಾ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್. ಬೆಳಿಗ್ಗೆಯಿಂದ ಕಂಡವರ ಹೊಟ್ಟೆ ಕೊಯ್ಯುವುದನ್ನು ನೋಡಿ, ಮನೆಗೆ ಬಂದು ನೆಮ್ಮದಿಯಾಗಿ ರೊಟ್ಟಿ ತಿನ್ನುವ ಗಟ್ಟಿಗಿತ್ತಿ. ಅಂಥವಳು ಒಂದು ಬೆಳಿಗ್ಗೆ ಕನ್ನಡಿ ಮುಂದೆ ನಿಂತು, “ರೀ, ನನ್ನ ಕಣ್ಣ ಹಳದಿ ಆಗ್ಯಾವೇನು ನೋಡ್ರಿ” ಅಂದಳು. ಆಗಿದ್ದವು.

ಹಿಂದವಾಡಿಯ ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಲು ಪೇಪರ್ ಬೇಕಾಗಿಲ್ಲ. ನೋಡಲು ಬಂದವರೆಲ್ಲರದೂ ಒಂದೇ ಪ್ರಶ್ನೆ: “ಹೊರಗ ಏನು ತಿಂದಿದ್ರಿ?” ಸುಶೀಲಾ ಹೊರಗಿನ ನೀರನ್ನೂ ಮುಟ್ಟುವವಳಲ್ಲ. ತಿನ್ನುವವನು ನಾನು. ಸಂಜೆ ಕ್ಯಾಂಪ್ ಕಡೆ ಹೋಗಿ ಮಿರ್ಚಿ ಭಜಿ, ಅದರ ಮೇಲೊಂದು ಗ್ಲಾಸ್ ಕಬ್ಬಿನ ಹಾಲು. ಇಡೀ ಓಣಿ ನನ್ನ ಕಡೆ ತಿರುಗಿತು. ನಾನು ತಿಂದ ಭಜಿ ನನ್ನನ್ನು ಬಿಟ್ಟು ಹೆಂಡತಿಯ ಲಿವರಿಗೆ ಹೇಗೆ ಹೋಯಿತು? ಅದನ್ನು ಯಾರೂ ಕೇಳಲಿಲ್ಲ. ಭಜಿ ಬಂದ್, ಕಬ್ಬಿನ ಹಾಲು ಬಂದ್.

ಆಸ್ಪತ್ರೆಯಲ್ಲಿ ರಕ್ತ ನೋಡಿ, ಇದಕ್ಕೆ ಗುಳಿಗೆ ಇಲ್ಲ, ರೆಸ್ಟ್ ತೊಗೊಳ್ಳಿ ಎಂದರು. ಗುಳಿಗೆ ಇಲ್ಲ ಅಂದರೆ ನಮ್ಮ ಅತ್ತೆ ಸುಮ್ಮನಿರುತ್ತಾರೆಯೇ? ಖಾನಾಪುರದಿಂದ ಹೇಳಿಕಳಿಸಿದರು: “ರವಿವಾರ ಖಾಲಿ ಹೊಟ್ಟೀಲೆ ಕರಕೊಂಡ ಬರ್ರಿ. ಇಲ್ಲೆ ಒಬ್ಬಾಕಿ ಅಜ್ಜಿ ಕಾಮಣಿಗೆ ತಪ್ಪಲದ ಔಷಧ ಕೊಡ್ತಾಳ.” (ನಮ್ಮ ಕಡೆ ಕಾಮಾಲೆಗೆ ಕಾಮಣಿ, ಸೊಪ್ಪಿಗೆ ತಪ್ಪಲ ಎನ್ನುತ್ತಾರೆ.)

ಹೋದೆವು. ಅತ್ತೆಯೂ ಜೊತೆಗೆ ಬಂದರು. ಅಜ್ಜಿಯ ಮನೆ ಕಟ್ಟೆಯ ಮೇಲೆ ಹಳದಿ ಕಣ್ಣಿನವರ ಸಾಲು. ಸುಶೀಲಾ ಕೂತವಳೇ ಬಾಜೂ ನೋಡಿ ಬೆಚ್ಚಿದಳು.

“ಯಲ್ಲಪ್ಪಾ! ನೀನೂ ಬಂದೀಯೇನೋ?”

ಯಲ್ಲಪ್ಪ ಅವರ ಥಿಯೇಟರಿನಲ್ಲಿ ಕತ್ತರಿ, ಚಾಕು, ಸೂಜಿ ತೊಳೆಯುವ ಅಟೆಂಡರ್. ಅವನು ಬಾಯಿ ಬಿಡದೆ ಕಣ್ಣಿನಲ್ಲೇ ಮೂಲೆ ತೋರಿಸಿದ. ಅಲ್ಲೊಬ್ಬರು ಮಂಕಿ ಕ್ಯಾಪ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಹೋಳಿಯ ಬಿಸಿಲಿನಲ್ಲಿ ಮಂಕಿ ಕ್ಯಾಪ್!

ಸುಶೀಲಾಳ ಸರ್ಜನ್ ಸಾಹೇಬರು. (ತಪ್ಪಲದ ಔಷಧದ ಹೆಸರೆತ್ತಿದ ಪೇಶಂಟುಗಳ ಜನ್ಮ ಜಾಲಾಡುವವರು ಇವರೇ.)

“ಯಾರ ಮುಂದೂ ಹೇಳಬ್ಯಾಡ್ರಿ ಸಿಸ್ಟರ್. ನಮ್ಮವ್ವ ಹಟಾ ಹಿಡದು ಕಳಿಸ್ಯಾಳ” ಅಂದರು.

ಮೂವರೂ ಒಂದೇ ಕಟ್ಟೆಯ ಮೇಲೆ ಕೂತ ಮೇಲೆ ಲೆಕ್ಕಾಚಾರ ಶುರುವಾಯಿತು. ಸಾಹೇಬರು ಕುಡಿಯುವುದು ಮನೆಯ ಥರ್ಮಾಸಿನ ನೀರು. ಯಲ್ಲಪ್ಪನದು ಅವನ ಮನೆ ಬಾವಿಯದು. ಭಜಿ ಮೂವರೂ ತಿಂದಿಲ್ಲ. (ಇದನ್ನು ಅತ್ತೆಗೆ ಕೇಳುವಂತೆ ಇನ್ನೊಮ್ಮೆ ಹೇಳಿಸಿದೆ.) ಹಾಗಾದರೆ ಬಂದದ್ದು ಎಲ್ಲಿಂದ?

ಸುಶೀಲಾಳಿಗೆ ತಟ್ಟನೆ ಹೊಳೆಯಿತು. “ಸರ್, ಸಂಕ್ರಾಂತಿ ಮುಂದ ಆ ಹಳದಿ ಕಣ್ಣಿನ ಪೇಶಂಟಂದು ಆಪರೇಷನ್ ಮಾಡಿದ್ವಿ. ಹೊಲಗಿ ಹಾಕೂವಾಗ ನಿಮಗ ಸೂಜಿ ಚುಚ್ಚಿತ್ತಲ್ರಿ?”

“ಹೌದಲ್ಲ!”

“ಅದ ಸೂಜಿ ಹೊಳ್ಳಿ ಇಸಗೊಳ್ಳೂವಾಗ ನನಗ ಚುಚ್ಚಿತು.”

“ತೊಳಿಯೂವಾಗ ನನಗೂ ಚುಚ್ಚಿತ್ರಿ” ಅಂದ ಯಲ್ಲಪ್ಪ.

ಸಾಹೇಬರು ಮಂಕಿ ಕ್ಯಾಪ್ ತೆಗೆದರು. “ರಕ್ತದಿಂದ ಕಾಮಣಿ ಬರ್ತದ ಅಂತ ಓದೀನ್ರಿ. ಆದ್ರ ಅದು ಪೇಶಂಟಿಗೆ ಬರೂದು ಅಂತ ತಿಳಕೊಂಡಿದ್ದೆ!”

ಕೈಗೆ ಗ್ಲೌಸ್ ಇರಲಿಲ್ಲವೇ ಎಂದು ಕೇಳಿದೆ. ಇದ್ದವಂತೆ. ಒಗೆದು, ಹಗ್ಗದ ಮೇಲೆ ಒಣಗಿಸಿ, ಪೌಡರ್ ಹಚ್ಚಿ, ಕುಕ್ಕರಿನಂಥ ಡಬ್ಬಿಯಲ್ಲಿ ಉಗಿಗೆ ಇಟ್ಟು ಮತ್ತೆ ಮತ್ತೆ ಹಾಕಿಕೊಳ್ಳುವುದು ಪದ್ಧತಿ. ತೂತು ಬಿದ್ದರೆ ಸೈಕಲ್ ಟ್ಯೂಬಿಗೆ ಹಚ್ಚಿದ ಹಾಗೆ ರಬ್ಬರ್ ತೇಪೆ. ಗಟ್ಟಿಮುಟ್ಟಾದವು ಸಾಹೇಬರಿಗೆ, ತೇಪೆಯವು ಸಿಸ್ಟರಿಗೆ. ಯಲ್ಲಪ್ಪನಿಗೆ? ದೇವರು ಕೊಟ್ಟ ಚರ್ಮ. ನಮ್ಮ ಕೈಯ ಹೊಲಸು ಪೇಶಂಟಿಗೆ ತಾಗಬಾರದು, ಗ್ಲೌಸ್ ಇರುವುದು ಅದಕ್ಕೆ ಮಾತ್ರ ಅಂತ ಎಲ್ಲರ ತಿಳುವಳಿಕೆ. ಕೇಳಿ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಈ ಕೆಲಸ ಬಿಡು ಎಂದು ಸುಶೀಲಾಳಿಗೆ ಹೇಳಿದೆ. “ನಾ ಬಿಟ್ರ ನನ್ನ ಜಾಗಕ್ಕ ಬರಾಕಿಗೆ ಚುಚ್ಚೂದಿಲ್ಲೇನು?” ಎಂದಳು.

ಮೂವರಿಗೂ ಗುಣವಾಯಿತು. ತಪ್ಪಲದಿಂದ ಎಂದರು ಅತ್ತೆ. ರೆಸ್ಟಿನಿಂದ ಎಂದರು ಸಾಹೇಬರು. ನಾನು ಭಜಿ ಬಿಟ್ಟದ್ದರಿಂದ ಅಂತ ಓಣಿಯವರು ಈಗಲೂ ಹೇಳುತ್ತಾರೆ.

ಸಾಹೇಬರು ಕೆಲಸಕ್ಕೆ ಮರಳಿದವರೇ ಕೂಗಾಡಿ, ಜಗಳ ತೆಗೆದು, ಹೊಸ ಗ್ಲೌಸ್ ತರಿಸಿದರು. ಯಲ್ಲಪ್ಪನಿಗೆ ಅಂತ ದಪ್ಪನೆಯದೂ ಒಂದು ಜೋಡಿ. ಸುಶೀಲಾ ಮೊನ್ನೆ ಮೊದಲ ದಿನದ ಡ್ಯೂಟಿ ಮುಗಿಸಿ ಬಂದಳು. ನಾನು ಬಾಗಿಲಲ್ಲೇ ಕಾಯುತ್ತಿದ್ದೆ.

“ಹೊಸಾ ಗ್ಲೌಸ್ ಹೆಂಗದಾವ?”

“ಭಾಳ ಛಲೋ ಅದಾವಂತ್ರಿ. ದಿನಾ ಹಾಕ್ಕೊಂಡ್ರ ಹರೀತಾವ ಅಂತ ಸ್ಟೋರಿನವರು ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾರ.”

ಅಲ್ರಿ, ಕಾಮಾಲೆ ಕಪಾಟಿಗೂ ಬರುತ್ತದೆಯೇ?