ಸೀಟಿನ ಕೆಳಗಿನ ಬ್ಯಾಟರಿ

ಮೂರು ವರ್ಷದ ಹಿಂದಿನ ಬೇಸಿಗೆ. ನಾನು ಶಿಗ್ಗಾಂವಿಯ ಒಂದು ಖಾಸಗಿ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಬೋಧಕಿಯಾಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ತರಗತಿ ನಡೆದಷ್ಟು ತಿಂಗಳು ಮಾತ್ರ ಸಂಬಳ. ರಜೆ ಬಂದರೆ ಸವಣೂರಿನ ನಮ್ಮ ಮನೆ ನನ್ನ ಯಜಮಾನರ ಹೊಲಿಗೆ ಯಂತ್ರವೊಂದರ ಮೇಲೆಯೇ ನಡೆಯಬೇಕು. ಆ ಸಲ ರಜೆಯಲ್ಲಿ ಕೈಕಟ್ಟಿ ಕೂರಬಾರದೆಂದು ಬ್ಯಾಟರಿ ಪ್ಯಾಕ್ ರಿಪೇರಿಗೆ ಹುಬ್ಬಳ್ಳಿಯಿಂದ ಒಂದು ಸ್ಪಾಟ್ ವೆಲ್ಡರ್ ತಂದೆ.

ಇದು ಗೇಟು, ಕಿಟಕಿ ಬೆಸೆಯುವ ಯಂತ್ರವಲ್ಲ. ಬ್ಯಾಟರಿ ಪ್ಯಾಕ್ ಎಂದರೆ ಹೆಬ್ಬೆರಳಿನ ಗಾತ್ರದ ಹಲವು ಲಿಥಿಯಂ ಸೆಲ್‌ಗಳ ಕಟ್ಟು. ಅವನ್ನು ತೆಳ್ಳನೆಯ ನಿಕಲ್ ಪಟ್ಟಿಯಿಂದ ಜೋಡಿಸಬೇಕು. ಸಾಲ್ಡರಿಂಗ್ ಮಾಡಿದರೆ ಕಾವು ಒಳಗಿಳಿದು ಸೆಲ್ ಕೆಡುತ್ತದೆ. ಸ್ಪಾಟ್ ವೆಲ್ಡರ್‌ನ ಎರಡು ತಾಮ್ರದ ಮೊನೆಗಳನ್ನು ಪಟ್ಟಿಯ ಮೇಲೆ ಒತ್ತಿ ಹಿಡಿದರೆ, ರೆಪ್ಪೆ ಬಡಿಯುವುದರೊಳಗೆ ಭಾರಿ ಕರೆಂಟು ಹರಿದು ಎರಡು ಚುಕ್ಕೆಯಷ್ಟೇ ಜಾಗ ಬೆಸೆದುಕೊಳ್ಳುತ್ತದೆ. ಪ್ರತಿ ಚುಕ್ಕೆಗೂ ಮನೆಯ ದೀಪಗಳು ಒಮ್ಮೆ ಮಂಕಾಗುತ್ತಿದ್ದವು. ಯಜಮಾನರು ಹೊಲಿಗೆ ನಿಲ್ಲಿಸಿ ನನ್ನತ್ತ ನೋಡಿ, ಮತ್ತೆ ಪೆಡಲ್ ತುಳಿಯುತ್ತಿದ್ದರು.

ಮೊದಮೊದಲು ಬಂದದ್ದು ಬೆಳೆಗೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿಗಳು. ಸಣ್ಣ ಕೆಲಸ, ಕೈ ಕುದುರಿತು. ಆಮೇಲೆ ಒಂದು ದಿನ ಗಂಗವ್ವ ಬಂದರು.

ಗಂಗವ್ವ ಸವಣೂರಿನ ವೀಳ್ಯದೆಲೆ ತೆಗೆದುಕೊಂಡು ಸುತ್ತಲಿನ ಹಳ್ಳಿಗಳಿಗೆ ಮುಟ್ಟಿಸುವವರು. ವಯಸ್ಸು ನಲವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲಿನ ಬಲ ಹೋಗಿತ್ತು. ಅವರದೊಂದು ಮೂರು ಗಾಲಿಯ ಬ್ಯಾಟರಿ ಗಾಡಿ. ಹಿಂದೆ ಎಲೆಯ ಬುಟ್ಟಿ, ಸೀಟಿನ ಕೆಳಗೆ ಬ್ಯಾಟರಿ. ಮಳೆ ನೀರು ಹೊಕ್ಕು ಅದು ಸತ್ತಿತ್ತು. ಗಾಡಿ ಮಾರಿದ ಅಂಗಡಿ ಬಾಗಿಲು ಮುಚ್ಚಿ ವರ್ಷವಾಗಿತ್ತು. ಬಾಡಿಗೆ ಆಟೋದಲ್ಲಿ ನಮ್ಮ ಮನೆಗೆ ಬಂದು, ಬ್ಯಾಟರಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳಿದರು: “ಅಕ್ಕಾರ, ಇದಕ್ಕ ಜೀವ ಬರತೈತೇನ್ರಿ? ಲಗ್ನದ ಸೀಜನ್ ಐತಿ. ನಾ ಹೋಗಲಿಲ್ಲಂದ್ರ ಆ ಮನಿಗೋಳು ಬ್ಯಾರೇದವರನ್ನ ಹಿಡೀತಾವ.”

ಬಿಚ್ಚಿ ನೋಡಿದೆ. ಹದಿಮೂರು ಸಾಲು, ಸಾಲಿಗೆ ಐದು ಸೆಲ್. ಬಹಳಷ್ಟು ತುಕ್ಕು ಹಿಡಿದಿದ್ದವು. ಹಳತರ ಜೊತೆ ಹೊಸತು ಬೆರೆಸಿದರೆ ಹಳತು ಹೊಸದನ್ನೂ ಕೆಡಿಸುತ್ತದೆ. ಆದ್ದರಿಂದ ಎಲ್ಲವನ್ನೂ ಹೊಸದಾಗಿ ತರಿಸಿದೆ. ಒಂದೊಂದರ ವೋಲ್ಟೇಜ್ ಅಳೆದೆ, ಎಲ್ಲವೂ ಸಮನಾಗಿದ್ದವು. ಕಟ್ಟಿ, ಚಾರ್ಜ್ ಮಾಡಿ, ಗಂಗವ್ವನಿಗೆ ಹೇಳಿ ಕಳುಹಿಸಿದೆ.

ಅವರು ಬರುವ ದಿನ ಬೆಳಿಗ್ಗೆ ಕೊನೆಯ ಪರೀಕ್ಷೆ ಉಳಿದಿತ್ತು. ಪ್ಯಾಕ್‌ಗೆ ಗಾಡಿಯಷ್ಟೇ ಕರೆಂಟು ಎಳೆಯುವ ಹೀಟರ್ ಕಾಯಿಲ್ ಜೋಡಿಸಿ, ಪ್ರತಿ ಸಾಲಿನ ವೋಲ್ಟೇಜ್ ನೋಡುವುದು. ಇದನ್ನು ಲೋಡ್ ಟೆಸ್ಟ್ ಎನ್ನುತ್ತೇವೆ. ಹನ್ನೆರಡು ಸಾಲು ಗಟ್ಟಿಯಾಗಿ ನಿಂತವು. ಒಂದು ಮಾತ್ರ ಜಾರುತ್ತ ಹೋಯಿತು. ಅದರ ಮೇಲೆ ಕೈಯಿಟ್ಟೆ. ಬಿಸಿಯಾಗಿತ್ತು.

ಅಷ್ಟರಲ್ಲಿ ಆಟೋ ಬಂದು ನಿಂತಿತು. ಗಂಗವ್ವ ಒಬ್ಬರೇ ಬಂದಿರಲಿಲ್ಲ, ಎರಡು ಬುಟ್ಟಿ ಎಲೆಯೂ ಇತ್ತು. ಹತ್ತಿಮತ್ತೂರಿನ ಮದುವೆ ಮನೆಗೆ ಮಧ್ಯಾಹ್ನದೊಳಗೆ ಮುಟ್ಟಿಸಬೇಕು. ಹಿಂದಿನ ದಿನವೇ ತಳ್ಳಿಸಿ ತಂದಿದ್ದ ಅವರ ಗಾಡಿ ನಮ್ಮ ಅಂಗಳದಲ್ಲಿ ಬ್ಯಾಟರಿಗಾಗಿ ಕಾಯುತ್ತಿತ್ತು. “ಇವತ್ತ ಕೊಡಾಕ ಆಗೂದಿಲ್ರಿ,” ಎಂದೆ.

“ಅದ್ಯಾಕ್ರಿ? ಚಾರ್ಜ್ ಆಗೈತಿ ಅಂದ್ರಲ್ಲ?”

“ಆಗೈತಿ. ಒಂದು ಸಾಲು ಬಿಸಿ ಆಗಾಕತ್ತೈತಿ.”

“ಹತ್ತಿಮತ್ತೂರು ಏನ್ ಭಾಳ ದೂರ್ರಿ. ಅಷ್ಟ ಹೋಗಿ, ಹಂಗ ತಂದು ನಿಮಗ ಕೊಡ್ತೇನಿ. ಎಲಿ ಬಾಡ್ತಾವರಿ ಅಕ್ಕಾರ.”

ನಾನು ತರಗತಿಯಲ್ಲಿ ಹೇಳುವಂತೆ ಥರ್ಮಲ್ ರನ್‌ಅವೇ ಬಗ್ಗೆ, ಅಂದರೆ ಒಂದು ಸೆಲ್‌ನ ಕಾವು ಪಕ್ಕದ ಸೆಲ್‌ಗೆ ಹರಡಿ ಇಡೀ ಪ್ಯಾಕ್ ಉರಿಯುವ ಬಗ್ಗೆ, ಹೇಳಲು ಶುರುಮಾಡಿದೆ. ಅವರು ಎಲೆಯ ಮೇಲಿನ ಒದ್ದೆ ಬಟ್ಟೆಯನ್ನೇ ಸರಿಪಡಿಸುತ್ತಿದ್ದರು. ಕೊನೆಗೆ ನೇರವಾಗಿ ಹೇಳಿದೆ: “ಗಂಗವ್ವಾರ, ನೀವು ಇದರ ಮ್ಯಾಲ ಕುಂತಿರ್ತೀರಿ. ದಾರ್‍ಯಾಗ ಹೊತ್ತಿಕೊಂಡ್ರ ಇಳದು ಓಡಾಕ ಆಗತೈತೇನ್ರಿ ನಿಮಗ?”

ಯಜಮಾನರ ಹೊಲಿಗೆ ಯಂತ್ರದ ಸದ್ದು ನಿಂತಿತು. ಗಂಗವ್ವ ತಮ್ಮ ಕಾಲುಗಳನ್ನು ನೋಡಿಕೊಂಡರು.

“ಇಲ್ರಿ,” ಎಂದರು. “ಓಡಾಕ ಆಗೂದಿಲ್ಲ.” ಆಮೇಲೆ ಅದೇ ದನಿಯಲ್ಲಿ, “ಹಂಗಾದ್ರ ಎಲಿ ಮುಟ್ಟಸೂದು ನಿಮ್ಮ ಜವಾಬ್ದಾರಿ. ಏಳ್ರಿ.”

ನನ್ನ ಸ್ಕೂಟಿಯ ಮುಂದೆ ಒಂದು ಬುಟ್ಟಿ, ಹಿಂದಿನ ಕ್ಯಾರಿಯರ್‌ಗೆ ಇನ್ನೊಂದು ಕಟ್ಟಿದೆವು. ನಡುವೆ ಗಂಗವ್ವ ನನ್ನ ಸೊಂಟ ಹಿಡಿದು ಕೂತರು. ದಾರಿಯುದ್ದಕ್ಕೂ ಎಲ್ಲಿ ತಗ್ಗಿದೆ, ಎಲ್ಲಿ ನಿಧಾನಿಸಬೇಕು ಎಂದು ಅವರೇ ಹೇಳಿದರು. ಮದುವೆ ಮನೆಯವರು ಗಾಡಿ ಏನಾಯಿತೆಂದು ಕೇಳಿದಾಗ, “ಇವ್ರು ಬ್ಯಾಟರಿ ಅಕ್ಕಾರು. ಗಾಡಿ ಕೊಡಲಿಲ್ಲ, ತಾವ ಬಂದ್ರು,” ಎಂದು ಗಂಗವ್ವ ಪರಿಚಯಿಸಿದರು. ಮನೆಯವರು ನಮ್ಮಿಬ್ಬರಿಗೂ ಊಟ ಹಾಕಿಯೇ ಕಳುಹಿಸಿದರು.

ಮನೆಗೆ ಬಂದು ಆ ಸಾಲಿನ ಪಟ್ಟಿಗಳನ್ನು ಕಿತ್ತು, ಸೆಲ್‌ಗಳ ಹಸಿರು ಪ್ಲಾಸ್ಟಿಕ್ ಹೊದಿಕೆ ಸೀಳಿದೆ. ಐದರಲ್ಲಿ ಮೂರು ಸೆಲ್‌ಗಳ ಹೊದಿಕೆಯಡಿ ಹಳೆಯ ತುಕ್ಕಿನ ಕಲೆ, ಉಜ್ಜಿ ತೆಗೆದ ಗುರುತು. ಯಾವುದೋ ಹಳೆಯ ಪ್ಯಾಕಿನಿಂದ ಕಿತ್ತ ಸೆಲ್‌ಗೆ ಹೊಸ ಅಂಗಿ ತೊಡಿಸಿ ಮಾರಿದ್ದರು. ಬರೀ ವೋಲ್ಟೇಜ್ ಅಳೆದರೆ ಸೆಲ್‌ನ ವಯಸ್ಸು ತಿಳಿಯುವುದಿಲ್ಲ. ಭಾರ ಹೊರಿಸಿದಾಗಲೇ ತಿಳಿಯುತ್ತದೆ. ಕಳುಹಿಸಿದವನಿಗೆ ಫೋನ್ ಮಾಡಿದರೆ ಎಲ್ಲವೂ ಹೊಸದೇ ಎಂದು ವಾದಿಸಿದ. ಬೇರೆಡೆಯಿಂದ ತರಿಸಿ ಪ್ಯಾಕನ್ನು ಮೊದಲಿನಿಂದ ಕಟ್ಟಿದೆ. ಆ ಕೆಲಸದಲ್ಲಿ ನನಗೇನೂ ಉಳಿಯಲಿಲ್ಲ.

ಕೊಡುವ ಮುಂಚೆ ಆ ಗಾಡಿಯ ಹಿಂದೆ ಅಕ್ಕಿ ಚೀಲ ಹೇರಿ ನಾನೇ ಹತ್ತಿಮತ್ತೂರಿನವರೆಗೆ ಹೋಗಿ ಬಂದೆ. ಗಂಗವ್ವ ನಮ್ಮ ಬಾಗಿಲಲ್ಲಿ ಕೂತು ಕಾಯುತ್ತಿದ್ದರು. ಸೀಟು ಎತ್ತಿ ಬ್ಯಾಟರಿಯ ಮೇಲೆ ತಾವೇ ಅಂಗೈ ಇಟ್ಟು ನೋಡಿ, “ತಣ್ಣಗ ಐತ್ರಿ,” ಎಂದರು. ಹತ್ತಿ ಕೂತು, ತಿರುಗಿ ನೋಡದೆ ಹೊರಟುಹೋದರು. ಅವರ ಗಾಡಿ ಇಂದಿಗೂ ಓಡುತ್ತಿದೆ.

ಈ ಕೆಲಸ ನನಗೆ ಕಲಿಸಿದ್ದು ಒಂದು ಪ್ರಶ್ನೆ. ಹೋದ ತಿಂಗಳು ಹಿರೇಕೆರೂರಿನಿಂದ ಒಬ್ಬರು ಸ್ಕೂಟರಿನ ಪ್ಯಾಕ್ ತಂದು, ಹಳೆ ಲ್ಯಾಪ್‌ಟಾಪಿನ ಸೆಲ್ ಹಾಕಿ ಅಗ್ಗದಲ್ಲಿ ಮಾಡಿಕೊಡಿ ಎಂದರು. ನಾನು ಮೀಟರ್ ಮುಟ್ಟಲಿಲ್ಲ. “ಗಾಡಿ ಯಾರು ಓಡಸ್ತಾರ್‍ರಿ?” ಎಂದು ಕೇಳಿದೆ.

“ಮಗಳ್ರಿ. ಕಾಲೇಜಿಗೆ ಹೋಗತಾಳ.”

ಹೇಳಿದ ಮೇಲೆ ಅವರು ಪ್ಯಾಕನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಹೊಸವ ಹಾಕ್ರಿ,” ಎಂದರು.